ಸೊಂಟ ನೋವಿಗೆ ಸೂಜಿ ಚುಚ್ಚಿಸಿಕೊಂಡವರು ಯಾರಾದರೂ ಇದ್ದೀರಾ? (ಸಕಲೇಶಪುರ, ಹಾಸನ ಕಡೆ)

ಕಣದ ಕಾವಲು (ಸಕಲೇಶಪುರ ತಾಲ್ಲೂಕು) · ನವೆಂಬರ್ 14

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 46 ವರ್ಷ. ಆರು ಎಕರೆ ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಮೆಣಸು. ಈ ಸಲ ಕಳೆ ಹೊಡೆಯೋಕೆ ಆಳು ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ ನಾನೇ ವೀಡ್ ಕಟರ್ ಬೆನ್ನಿಗೆ ಹಾಕಿಕೊಂಡು ಎಂಟು ದಿನ ಹೊಡೆದೆ. ಇಳಿಜಾರು ತೋಟ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಆಗ ಏನೂ ಆಗಲಿಲ್ಲ. ಒಂಬತ್ತನೇ ದಿನ ಸಂಜೆ ಜಗಲಿ ಮೇಲೆ ಕೂತು ಗಮ್ ಬೂಟ್ ಎಳೆದೆ ನೋಡಿ, ಸೊಂಟದಲ್ಲಿ ಚಳಕ್ ಅಂತು. ಬೂಟ್ ಅರ್ಧ ಕಾಲಲ್ಲೇ ಇತ್ತು, ಏಳೋಕೆ ಆಗಲಿಲ್ಲ. ಮಗಳು ಬಂದು ಬೂಟ್ ಕಿತ್ತಳು. ಒಳಗಿದ್ದ ಜಿಗಣೆಯನ್ನೂ ಅವಳೇ ಕಿತ್ತಳು.

ಅಲ್ಲಿಂದ ಇಂಜೆಕ್ಷನ್, ಮಾತ್ರೆ, ಸೊಂಟಕ್ಕೆ ಬೆಲ್ಟ್ ಎಲ್ಲಾ ಆಯ್ತು. ಹಾಸನದಲ್ಲಿ ಎಂಆರ್‌ಐ ಮಾಡಿಸಿದೆ. 'ಎಲ್4-ಎಲ್5 ಡಿಸ್ಕ್ ಬಲ್ಜ್' ಅಂತ ಬಂತು, ಅಂದರೆ ಸೊಂಟದ ಎರಡು ಮೂಳೆ ನಡುವಿನ ಮೆತ್ತೆ ಉಬ್ಬಿದೆ ಅಂತ. ಒಬ್ಬ ಡಾಕ್ಟರ್ 'ಮುಂದೆ ಆಪರೇಷನ್ ಬೇಕಾಗಬಹುದು' ಅಂದರು. ಆ 'ಬಹುದು' ಕೇಳಿದಾಗಿನಿಂದ ನಿದ್ದೆ ಇಲ್ಲ. ಮಾತ್ರೆ ಜಾಸ್ತಿ ಆದರೆ ಹೊಟ್ಟೆ ಉರಿ. ಎರಡು ತಿಂಗಳಾಯ್ತು. ಬೆಳಗ್ಗೆ ಹಾಸಿಗೆಯಿಂದ ಏಳೋಕೆ ಹತ್ತು ನಿಮಿಷ ಬೇಕು. ಜನವರಿಗೆ ಹಣ್ಣು ಕುಯ್ಲು ಶುರು ಆಗುತ್ತೆ.

ಈಗ ಚಿಕ್ಕಮಗಳೂರಿನ ನಮ್ಮ ಷಡ್ಡಕ 'ಆಕ್ಯುಪಂಕ್ಚರ್ ಮಾಡಿಸು, ನಮ್ಮ ಆಫೀಸಿನವರೊಬ್ಬರಿಗೆ ವಾಸಿ ಆಯ್ತು' ಅಂತಿದ್ದಾನೆ. ನಿಜಕ್ಕೂ ಕೆಲಸ ಮಾಡುತ್ತಾ, ಇಲ್ಲ ಸುಮ್ನೆ ದುಡ್ಡು ದಂಡವಾ? ಮಾಡಿಸಿಕೊಂಡವರು ಹೇಳಿ.

ಹೊಯ್ಸಳ ಹೈದ (ಅರಸೀಕೆರೆ)

ಅಣ್ಣ, ಕಾಲು ಮುಂದಾಗಿ ಹುಟ್ಟಿದವರು ಯಾರಾದರೂ ನಿಮ್ಮೂರಲ್ಲಿ ಇದ್ದಾರಾ? ಅವರ ಕೈಲಿ ಸೊಂಟಕ್ಕೆ ಮೂರು ಸಲ ಒದೆಸಿಕೊಳ್ಳಿ. ಖರ್ಚಿಲ್ಲ.

ಕಣದ ಕಾವಲು

ಅದೂ ಆಯ್ತಪ್ಪ. ಅಮ್ಮ ಬಿಡಲಿಲ್ಲ. ಪಕ್ಕದ ಮನೆ ಹುಡುಗ, ಪಿಯುಸಿ ಓದೋನು. ನಾಚಿಕೊಂಡು ಮೆತ್ತಗೆ ಒದ್ದ. ಅದಕ್ಕೇ ವಾಸಿ ಆಗಲಿಲ್ಲ ಅಂತ ಅಮ್ಮನ ವಾದ.

ಘಾಟಿ ಡ್ರೈವರ್ (ಚಿಕ್ಕಮಗಳೂರು)

ನಾನು ಮಾಡಿಸಿದ್ದೇನೆ, ಹೋದ ವರ್ಷ. ಹತ್ತೊಂಬತ್ತು ವರ್ಷದಿಂದ ಬಸ್ ಓಡಿಸ್ತಿದ್ದೇನೆ, ಅದರಲ್ಲಿ ಜಾಸ್ತಿ ಚಾರ್ಮಾಡಿ ರೂಟು. ನಮ್ಮ ಡಿಪೋದಲ್ಲಿ ಸೊಂಟ ಸರಿ ಇರೋ ಡ್ರೈವರನ್ನು ಹುಡುಕಬೇಕು.

ಹೇಗಿರುತ್ತೆ ಅಂತ ಹೇಳ್ತೀನಿ. ಮಂಚದ ಮೇಲೆ ಬೋರಲು ಮಲಗಿಸುತ್ತಾರೆ. ಮುಖ ಇಡೋಕೆ ಮಂಚದಲ್ಲೇ ಒಂದು ತೂತು. ಸೂಜಿ ಅಂದರೆ ಇಂಜೆಕ್ಷನ್ ಸೂಜಿ ಅಂದ್ಕೋಬೇಡಿ, ಕೂದಲಿನ ಹಾಗೆ ಸಣ್ಣದು. ಪ್ಯಾಕೆಟ್ ನನ್ನ ಎದುರಿಗೇ ಒಡೆದರು. ಸೊಂಟದ ಎರಡೂ ಕಡೆ ಎರಡೆರಡು, ಕುಂಡಿಯ ಮೇಲೆ ಒಂದು, ಮಂಡಿಯ ಹಿಂದಿನ ಮಡಿಕೆಯಲ್ಲಿ ಒಂದು, ಹಿಮ್ಮಡಿ ಪಕ್ಕ ಒಂದು. ಸೊಂಟದ್ದು ಚುಚ್ಚಿದ್ದೇ ಗೊತ್ತಾಗಲಿಲ್ಲ. ಮಂಡಿ ಹಿಂದಿನದು ಮಾತ್ರ ಕರೆಂಟ್ ಹೊಡೆದ ಹಾಗೆ ಹಿಮ್ಮಡಿವರೆಗೂ ಝುಂ ಅಂತು. ಹೌಹಾರಿದೆ. ಡಾಕ್ಟರ್ ನಗುತ್ತಾ 'ಹಾಗೇ ಆಗಬೇಕು' ಅಂದರು. ಅರ್ಧ ಗಂಟೆ ಹಾಗೇ ಬಿಟ್ಟರು. ನಾನು ಗೊರಕೆ ಹೊಡೆದೆನಂತೆ.

ಮೊದಲ ದಿನ ಏನೂ ವ್ಯತ್ಯಾಸ ಇಲ್ಲ. ಮೂರನೇ ಸಲ ಆದ ರಾತ್ರಿ, ಎಷ್ಟೋ ದಿನದ ಮೇಲೆ ಮಗ್ಗುಲು ಬದಲಾಯಿಸಿದರೂ ಎಚ್ಚರ ಆಗಲಿಲ್ಲ. ಒಟ್ಟು ಎಂಟು ಸಲ, ಸಲಕ್ಕೆ ನಾನೂರು ರೂಪಾಯಿ. ಹತ್ತಕ್ಕೆ ಎಂಟು ಇದ್ದ ನೋವು ಮೂರಕ್ಕೆ ಇಳೀತು.

ಈಗ ಕೆಟ್ಟ ಸುದ್ದಿ. ಎರಡೂವರೆ ತಿಂಗಳಿಗೆ ವಾಪಸ್ ಬಂತು. ತಪ್ಪು ನನ್ನದೇ. ಅವರು ನಾಲ್ಕು ವ್ಯಾಯಾಮ ಹೇಳಿಕೊಟ್ಟಿದ್ದರು, ನೋವು ಹೋಯ್ತಲ್ಲ ಅಂತ ಬಿಟ್ಟೆ.

ಫಿಸಿಯೋ ಹಾಸನ

ಕಣದ ಕಾವಲು ಅವರೇ, ಸೂಜಿ ಮಾತು ಆಮೇಲೆ. ಮೊದಲು ನಾಲ್ಕು ಪ್ರಶ್ನೆ. ನೋವು ಮಂಡಿ ದಾಟಿ ಕೆಳಗೆ ಇಳಿಯುತ್ತಾ? ತುದಿಗಾಲಲ್ಲಿ ಹತ್ತು ಹೆಜ್ಜೆ, ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಯೋಕೆ ಆಗುತ್ತಾ? ಒಂದ ಮಾಡೋಕೆ ತೊಂದರೆ, ಗೊತ್ತಿಲ್ಲದೆ ಹೋಗೋದು, ಅಥವಾ ಸೈಕಲ್ ಸೀಟ್ ತಾಗೋ ಜಾಗದಲ್ಲಿ ಮರಗಟ್ಟಿದ ಹಾಗೆ ಇದೆಯಾ? ಜ್ವರ, ಕಾರಣ ಇಲ್ಲದೆ ತೂಕ ಇಳಿಯೋದು ಏನಾದರೂ?

ಮೂರನೆಯದು ಇದ್ದರೆ ಈ ಚರ್ಚೆ ಓದ್ತಾ ಕೂರಬೇಡಿ. ಅವತ್ತೇ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಿ. ನರದ ಗೊಂಚಲು ಒತ್ತಿಹೋದಾಗ ಹಾಗಾಗುತ್ತೆ, ತಡ ಮಾಡಿದರೆ ಸರಿಯಾಗದೇ ಉಳಿಯಬಹುದು. ಅದಕ್ಕೆ ಸೂಜಿಯೂ ಇಲ್ಲ, ಎಣ್ಣೆಯೂ ಇಲ್ಲ.

ಎಂಆರ್‌ಐ ಬಗ್ಗೆ ಒಂದು ಮಾತು. ಸೊಂಟ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನೆಲ್ಲಾ ಒಟ್ಟು ಮಾಡಿ ನೋಡಿದ ಒಂದು ವರದಿ 2015ರಲ್ಲಿ ಬಂತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಬಲ್ಜ್ ಇತ್ತು. ಎಂಬತ್ತು ವರ್ಷದವರಲ್ಲಿ 84. ಯಾರಿಗೂ ನೋವಿಲ್ಲ. ತಲೆಕೂದಲು ನರೆತ ಹಾಗೆ ಅದೂ ಒಂದು. ಆ ರಿಪೋರ್ಟ್ ಕವರನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬೇಡಿ.

ಬೆಲ್ಟ್ ಇಡೀ ದಿನ ಕಟ್ಟುತ್ತಿದ್ದರೆ ಬಿಚ್ಚಿಡಿ. ಮಲಗೇ ಇರೋದೂ ಬೇಡ.

ಕಣದ ಕಾವಲು

ಸಾರ್, ದಿಂಬಿನ ಕೆಳಗೆ ಅಲ್ಲ, ಬೀರುವಿನಲ್ಲಿ ಜಮೀನಿನ ಪತ್ರದ ಜೊತೆ ಇದೆ.

ನೋವು ಎಡಗಡೆ ತೊಡೆಯ ಹಿಂಭಾಗದವರೆಗೆ ಬರುತ್ತೆ, ಮಂಡಿ ದಾಟಲ್ಲ. ತುದಿಗಾಲು, ಹಿಮ್ಮಡಿ ಎರಡೂ ಈಗ ಅಂಗಳದಲ್ಲಿ ನಡೆದು ನೋಡಿದೆ, ಆಗುತ್ತೆ. ನಾಯಿ ವಿಚಿತ್ರವಾಗಿ ನೋಡ್ತಿತ್ತು. ಉಳಿದದ್ದು ಏನೂ ಇಲ್ಲ.

ಕಡೂರು ಮೇಷ್ಟ್ರು

ಯಾರೂ ಬೇಜಾರು ಮಾಡ್ಕೋಬಾರದು, ನಾನು ವಿಜ್ಞಾನದ ಮೇಷ್ಟ್ರು, ಕೇಳದೇ ಇರೋಕೆ ಆಗಲ್ಲ.

ಸೂಜಿ ಕೆಲಸ ಮಾಡುತ್ತಾ ಅಂತ ನೋಡೋಕೆ ಜರ್ಮನಿಯಲ್ಲಿ ದೊಡ್ಡ ಪರೀಕ್ಷೆ ಮಾಡಿದರು. 2007ರಲ್ಲಿ ಪ್ರಕಟ ಆಯ್ತು. ಹಳೇ ಸೊಂಟ ನೋವಿನ 1,162 ಜನ. ಮೂರು ಗುಂಪು. ಒಂದಕ್ಕೆ ಚೀನೀ ಪದ್ಧತಿಯಂತೆ ಸರಿಯಾದ ಜಾಗದಲ್ಲಿ ಸೂಜಿ. ಎರಡನೆಯದಕ್ಕೆ ಸುಳ್ಳು ಸೂಜಿ, ಅಂದರೆ ಆ ಪದ್ಧತಿಯಲ್ಲಿ ಚುಚ್ಚಬೇಕು ಅಂತ ಗುರುತಿಸಿದ ಬಿಂದು ಇಲ್ಲದ ಜಾಗದಲ್ಲಿ, ಆಳ ಇಲ್ಲದೆ ಮೇಲುಮೇಲಕ್ಕೆ ಚುಚ್ಚೋದು. ಮೂರನೆಯದಕ್ಕೆ ಮಾಮೂಲಿ ಮಾತ್ರೆ, ಫಿಸಿಯೋ, ವ್ಯಾಯಾಮ. ಆರು ತಿಂಗಳ ಮೇಲೆ ನೋಡಿದಾಗ ಸರಿಯಾದ ಸೂಜಿಯವರಲ್ಲಿ ಶೇ. 47.6 ಜನರಿಗೆ ಗುಣ ಕಂಡಿತ್ತು. ಸುಳ್ಳು ಸೂಜಿಯವರಲ್ಲಿ ಶೇ. 44.2.

ಅಂದರೆ ಎಲ್ಲಿ ಚುಚ್ಚಿದರೂ ಹೆಚ್ಚುಕಮ್ಮಿ ಒಂದೇ! ಹಾಗಾದರೆ ಈ ಬಿಂದು, ಮೆರಿಡಿಯನ್ ಅನ್ನೋ ದಾರಿಗಳಲ್ಲಿ 'ಚೀ' ಅನ್ನೋ ಜೀವಶಕ್ತಿ ಹರಿಯೋದು ಎಲ್ಲಾ ಏನು? ಯಾವ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರುಗಳಿಗೆ ಹೇಳೋ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟ ನೋವಿಗೆ ಆಕ್ಯುಪಂಕ್ಚರ್ ಕೊಡಬೇಡಿ ಅಂತಲೇ ಹೇಳಿತು. ಒಬ್ಬರು ಮಂಚದ ಪಕ್ಕ ನಿಂತು ಅರ್ಧ ಗಂಟೆ ನಮ್ಮನ್ನು ವಿಚಾರಿಸಿಕೊಂಡರೆ ಅರ್ಧ ನೋವು ಅಲ್ಲೇ ಹೋಗುತ್ತೆ ಅಂತ ನನ್ನ ಅನುಮಾನ.

ಸೂಜಿಮಲ್ಲಿಗೆ (ಹಾಸನ)

ಹೆಸರು ನೋಡಿ ನಗಬೇಡಿ, ಇಟ್ಟುಕೊಂಡಾಗ ಹೂವಿನ ಯೋಚನೆಯೇ ಇದ್ದದ್ದು. ನಾನು ಪ್ರಕೃತಿ ಚಿಕಿತ್ಸೆ ಓದಿದ ಬಿಎನ್‌ವೈಎಸ್ ಡಾಕ್ಟರ್. ಉಜಿರೆಯಲ್ಲಿ ಓದಿದ್ದು. ನಮಗೆ ಆಕ್ಯುಪಂಕ್ಚರ್ ಪಾಠದಲ್ಲೇ ಇತ್ತು. ದಿನಾ ಚುಚ್ಚುವವಳು, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ರಿಯಾಯಿತಿ ಕೊಟ್ಟೇ ಓದಿ.

ಮೇಷ್ಟ್ರೇ, ನಿಮ್ಮ ಅಂಕಿ ಸರಿ. ಆದರೆ ಮೂರನೇ ಗುಂಪಿನದು ಹೇಳದೇ ಬಿಟ್ಟಿರಿ. ಮಾತ್ರೆ, ಫಿಸಿಯೋ, ವ್ಯಾಯಾಮದವರಲ್ಲಿ ಗುಣ ಕಂಡಿದ್ದು ಶೇ. 27.4. ಸುಳ್ಳು ಸೂಜಿಯೇ ಅದಕ್ಕಿಂತ ಎಷ್ಟೋ ಮೇಲೆ. ನನ್ನ ಎದುರು ನೋವಿನಿಂದ ಕೂತವರಿಗೆ 'ಇದು ಸುಳ್ಳು ಸೂಜಿಗಿಂತ ಶೇ. 3 ಮಾತ್ರ ಮೇಲು, ಎದ್ದು ಹೋಗಿ' ಅನ್ನಲಾ?

ಬಿಂದುಗಳ ವಿಷಯ ನಾನೂ ಒಪ್ತೀನಿ. ಎರಡು ಬೆರಳು ಆಚೀಚೆ ಆದರೆ ಆಕಾಶ ಬೀಳಲ್ಲ. 'ಚೀ' ಅನ್ನೋದನ್ನು ನಾನು ಯಾವ ರೋಗಿಗೂ ಹೇಳಲ್ಲ. ಸೂಜಿ ಚರ್ಮ, ಮಾಂಸಖಂಡದ ನರಗಳನ್ನು ಕೆಣಕುತ್ತೆ, ಮೈಯೇ ತನ್ನ ನೋವು ನಿವಾರಕ ಎಂಡಾರ್ಫಿನ್ ಬಿಡುತ್ತೆ. ಅದನ್ನು ತಡೆಯುವ ನಾಲೊಕ್ಸೋನ್ ಕೊಟ್ಟರೆ ಸೂಜಿಯ ಪರಿಣಾಮ ಕುಗ್ಗುತ್ತೆ ಅಂತ 1970ರ ದಶಕದಲ್ಲೇ ತೋರಿಸಿದ್ದಾರೆ. ಸುಳ್ಳು ಸೂಜಿಯೂ ಚರ್ಮ ಚುಚ್ಚುತ್ತಲ್ಲ, ಅದಕ್ಕೇ ಅದೂ ಪೂರ್ತಿ ಸುಳ್ಳಲ್ಲ.

ಬ್ರಿಟನ್ ಬೇಡ ಅಂದ ಮರುವರ್ಷವೇ, 2017ರಲ್ಲಿ, ಅಮೆರಿಕದ ಫಿಸಿಷಿಯನ್ನರ ಸಂಘ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಇದನ್ನೂ ಸೇರಿಸಿತು. 2020ರಿಂದ ಅಲ್ಲಿನ ಸರ್ಕಾರಿ ವಿಮೆ ಹಳೇ ಸೊಂಟ ನೋವಿಗೆ 90 ದಿನದಲ್ಲಿ 12 ಸಲದ ಖರ್ಚು ಕೊಡುತ್ತೆ. ಸುಧಾರಿಸುತ್ತಿದ್ದರೆ ಇನ್ನೂ 8. ಸುಧಾರಿಸದಿದ್ದರೆ ನಿಲ್ಲಿಸಬೇಕು. ಆ ನಿಯಮ ನನಗೆ ಇಷ್ಟ. ನಮ್ಮಲ್ಲೂ 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿಕೊಂಡಿದೆ.

ಕಣದ ಕಾವಲು ಅವರಿಗೆ: ನಿಮ್ಮಂಥವರಿಗೆ ನಾನು ವಾರಕ್ಕೆ ಎರಡರಂತೆ ಆರು ಸಲ ಹೇಳ್ತೀನಿ. ನಾಲ್ಕನೇ ಸಲಕ್ಕೂ ಏನೂ ಕಾಣದಿದ್ದರೆ ನಾನೇ ನಿಲ್ಲಿಸ್ತೀನಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಬೇಕು. ಪೇಸ್‌ಮೇಕರ್ ಇದ್ದರೆ ಸೂಜಿಗೆ ಕರೆಂಟ್ ಕೊಡೋದು ಬೇಡ. ಗರ್ಭಿಣಿಯರಿಗೆ ಕೆಲವು ಜಾಗ ಮುಟ್ಟಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ತಲೆ ಸುತ್ತಿ ಬೀಳುವವರು ಸಾಮಾನ್ಯವಾಗಿ ತಿಂಡಿ ತಿನ್ನದೇ ಬಂದವರೇ.

ಕಡೂರು ಮೇಷ್ಟ್ರು

ಮೂರನೇ ಅಂಕಿ ಬಿಟ್ಟಿದ್ದು ತಪ್ಪಾಯ್ತು ಡಾಕ್ಟ್ರೇ. ಆದರೂ ಒಂದು ಅನುಮಾನ. ಆ ಮೂರನೇ ಗುಂಪಿನವರು ಎಷ್ಟೋ ವರ್ಷದಿಂದ ಅದೇ ಮಾತ್ರೆ, ಅದೇ ಫಿಸಿಯೋ ನೋಡಿ ಸಾಕಾಗಿದ್ದವರು. ಹೊಸದು ಸಿಗಲಿಲ್ಲ ಅನ್ನೋ ನಿರಾಸೆಯೂ ಅಂಕಿಯಲ್ಲಿ ಸೇರಿರುತ್ತೆ ಅಲ್ವಾ?

ಸೂಜಿಮಲ್ಲಿಗೆ

ಸೇರಿರುತ್ತೆ. ಒಪ್ಪಿದೆ.

ಆಲ್ದೂರು ಹುಡುಗಿ

ನಮ್ಮ ಮನೆ ಕಥೆ ಬೇರೆ. ಎಲ್ಲಿ, ಯಾರು ಅಂತ ಹೇಳಲ್ಲ. ಅಮ್ಮನಿಗೆ ಸೊಂಟ ನೋವು, ಜೊತೆಗೆ ಹನ್ನೆರಡು ವರ್ಷದ ಶುಗರ್. ಒಂದು ಕಡೆ ಕರೆದುಕೊಂಡು ಹೋದೆವು. ಮೊದಲ ದಿನವೇ ನಾಡಿ ಹಿಡಿದು, ನಾಲಿಗೆ ನೋಡಿ, 'ಕಿಡ್ನಿ ವೀಕ್' ಅಂದರು. ಬ್ಲಡ್ ಟೆಸ್ಟ್ ಇಲ್ಲ, ಏನಿಲ್ಲ. ಇಪ್ಪತ್ತು ಸಲದ ಪ್ಯಾಕೇಜ್, ದುಡ್ಡು ಮುಂಗಡ. ಕಟ್ಟಿದೆವು.

ಐದನೇ ಸಲಕ್ಕೆ 'ಇನ್ನು ಶುಗರ್ ಮಾತ್ರೆ ಬೇಡ, ಸೂಜಿಯೇ ಸಾಕು' ಅಂದಿದ್ದಾರೆ. ಅಮ್ಮ ನಮಗೆ ಹೇಳದೇ ನಿಲ್ಲಿಸಿಬಿಟ್ಟಿದ್ದಾರೆ. ಹದಿನೈದು ದಿನಕ್ಕೆ ನಾಲಿಗೆ ಒಣಗೋದು, ರಾತ್ರಿ ಐದಾರು ಸಲ ಏಳೋದು. ಪರೀಕ್ಷೆ ಮಾಡಿಸಿದರೆ ಶುಗರ್ 400 ದಾಟಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ. ಉಳಿದ ದುಡ್ಡು ಕೇಳೋಕೆ ಹೋದರೆ 'ನಂಬಿಕೆ ಇಲ್ಲದವರಿಗೆ ಫಲಿಸಲ್ಲ' ಅಂತ ಉತ್ತರ.

ತಮಾಷೆ ಅಂದರೆ ಅಮ್ಮನ ಸೊಂಟ ನೋವು ನಿಜಕ್ಕೂ ಕಮ್ಮಿ ಆಗಿತ್ತು. ಅದಕ್ಕೇ ಅವರಿಗೆ ಇವತ್ತಿಗೂ ಆ ಮನುಷ್ಯನ ಮೇಲೆ ಸಿಟ್ಟಿಲ್ಲ. ನನಗಿದೆ.

ಸೂಜಿಮಲ್ಲಿಗೆ

ಓದಿ ಹೊಟ್ಟೆ ಉರೀತು. ಮಾತ್ರೆ ನಿಲ್ಲಿಸಿ ಅಂದವರ ಮುಂದೆ ಒಂದು ನಿಮಿಷವೂ ಕೂರಬೇಡಿ. ಶುಗರ್ ಇದ್ದವರಿಗೆ ಚುಚ್ಚೋದಾದರೆ ಚರ್ಮ ಒರೆಸೋದರಿಂದ ಹಿಡಿದು ಎಲ್ಲಾ ಇನ್ನೂ ಹುಷಾರಾಗಿ ಮಾಡಬೇಕು. ಹೋದ ಕಡೆ ಗೋಡೆ ಮೇಲೆ ಯಾವ ಸರ್ಟಿಫಿಕೇಟ್ ಇದೆ ಅಂತ ಓದಿ. ವಾರಾಂತ್ಯದ ಕೋರ್ಸಿನದ್ದೂ ಫ್ರೇಮ್ ಹಾಕಿದರೆ ಚೆನ್ನಾಗಿಯೇ ಕಾಣುತ್ತೆ.

ನಿರ್ವಾಹಕ

ಕೇಂದ್ರಗಳ ಹೆಸರು, ಫೋನ್ ನಂಬರ್ ಇಲ್ಲಿ ಬೇಡ. ಎರಡು ಸಂದೇಶ ತೆಗೆದಿದ್ದೇನೆ. ಒಂದು ಜಾಹೀರಾತು, ಇನ್ನೊಂದು ಬೈಗುಳ.

ಬೇಲೂರು ಅಕ್ಕ

ಸೂಜಿ ಅಂದರೆ ನನಗೆ ಮೈ ನಡುಕ. ನಾನು ಕಟಿ ಬಸ್ತಿ ಮಾಡಿಸಿದೆ, ಹಾಸನದ ತಣ್ಣೀರುಹಳ್ಳದ ಆಯುರ್ವೇದ ಕಾಲೇಜು ಆಸ್ಪತ್ರೆಯಲ್ಲಿ. ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ಪುಟ್ಟ ಬಾವಿಕಟ್ಟೆ ಕಟ್ಟುತ್ತಾರೆ. ಅದರೊಳಗೆ ಬೆಚ್ಚಗಿನ ಎಣ್ಣೆ ತುಂಬಿಸುತ್ತಾರೆ. ತಣ್ಣಗಾದ ಹಾಗೆ ಹತ್ತಿಯಲ್ಲಿ ಅದ್ದಿ ತೆಗೆದು ಮತ್ತೆ ಬಿಸಿ ಎಣ್ಣೆ. ಹೀಗೆ ಅರ್ಧ ಗಂಟೆ. ಕೆಮ್ಮು ಬಂದರೆ ಕಥೆ ಮುಗೀತು, ಕಟ್ಟೆ ಒಡೆದು ಎಣ್ಣೆಯೆಲ್ಲಾ ಮಂಚದ ಮೇಲೆ. ನನಗೆ ಎರಡು ಸಲ ಹಾಗಾಯ್ತು. ಅಲ್ಲಿನ ಹುಡುಗಿ ಪಾಪ ಬೈಯಲಿಲ್ಲ, 'ಆಂಟಿ, ಇನ್ನೊಂದು ಕಟ್ಟೆ ಕಟ್ಟೋಣ' ಅಂದಳು.

ಏಳು ದಿನ ಮಾಡಿದರು. ಹಿಡಿದುಕೊಂಡಿದ್ದ ಸೊಂಟ ಬಿಟ್ಟಿತು. ಪೂರ್ತಿ ವಾಸಿ ಅಂತ ಹೇಳಲ್ಲ, ಆದರೆ ರಂಗೋಲಿ ಹಾಕೋಕೆ ಬಗ್ಗುತ್ತೇನೆ.

ಬಾಬಾಬುಡನ್ ಬೈಕರ್

ಹಿಜಾಮಾ, ಅಂದರೆ ಬೆನ್ನಿಗೆ ಕಪ್ ಕಚ್ಚಿಸಿ ರಕ್ತ ತೆಗೆಯೋ ಚಿಕಿತ್ಸೆ, ಅದರ ಬಗ್ಗೆ ಯಾರೂ ಹೇಳಲಿಲ್ಲ? ನಾನು ಬರೀ ಕಪ್ ಹಾಕಿಸಿಕೊಂಡೆ, ರಕ್ತ ತೆಗೆಸಲಿಲ್ಲ. ಬೆನ್ನ ಮೇಲೆ ಒಂದು ವಾರ ಗುಂಡಗೆ ನೇರಳೆ ಕಲೆ. ಈಜೋಕೆ ಹೋದರೆ ಎಲ್ಲರೂ 'ಏನಾಯ್ತು?' ಅಂತ ಕೇಳೋರು. ಎರಡು ದಿನ ಹಗುರ ಅನ್ನಿಸಿತು, ಮೂರನೇ ದಿನಕ್ಕೆ ಯಥಾಪ್ರಕಾರ. ಫಿಸಿಯೋ ಸಾರ್, ನಿಮ್ಮವರೂ ಸೂಜಿ ಚುಚ್ಚುತ್ತಾರಲ್ಲ, ಅದೂ ಇದೂ ಒಂದೇನಾ?

ಫಿಸಿಯೋ ಹಾಸನ

ನಮ್ಮದು ಡ್ರೈ ನೀಡ್ಲಿಂಗ್. ಸೂಜಿ ಅದೇ. ನಾವು ಬಿಂದುಗಳ ನಕ್ಷೆ ನೋಡಲ್ಲ, ಮಾಂಸಖಂಡದಲ್ಲಿ ಬೆರಳಿಗೆ ಸಿಗೋ ಗಂಟನ್ನು ಹುಡುಕಿ ಅಲ್ಲಿಗೆ ಚುಚ್ಚುತ್ತೇವೆ. ಗಂಟು ಒಂದು ಸಲ ಎಗರುತ್ತೆ, ಆಮೇಲೆ ಸಡಿಲ ಆಗುತ್ತೆ. ಆಕ್ಯುಪಂಕ್ಚರ್‌ನವರು 'ನಮ್ಮದನ್ನೇ ಕದ್ದು ಹೆಸರು ಬದಲಾಯಿಸಿದಿರಿ' ಅಂತಾರೆ. ಅದರಲ್ಲೂ ಸ್ವಲ್ಪ ನಿಜ ಇದೆ!

ನಮ್ಮದು, ಅವರದು, ಎಣ್ಣೆ, ಕಪ್ ಯಾವುದೇ ಆಗಲಿ, ಕೆಲವು ದಿನ ನೋವು ತಗ್ಗುತ್ತೆ. ಆ ದಿನಗಳಲ್ಲಿ ನೀವು ನಡೆದಿರಾ, ಸೊಂಟದ ಸ್ನಾಯು ಗಟ್ಟಿ ಮಾಡಿದಿರಾ ಅನ್ನೋದು ನಾನು ರೋಗಿಗಳಿಗೆ ಕೇಳೋ ಪ್ರಶ್ನೆ. ಡ್ರೈವರಣ್ಣನಿಗೆ ಎರಡೂವರೆ ತಿಂಗಳಿಗೆ ವಾಪಸ್ ಬಂದಿದ್ದು ಅದಕ್ಕೇ. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೇ ಸೊಂಟ ನೋವಿಗೆ ಮಾರ್ಗಸೂಚಿ ತಂದಾಗ ವ್ಯಾಯಾಮ, ತಿಳಿವಳಿಕೆ ಕೊಡೋದು ಎರಡನ್ನೂ ಹೇಳಿತು.

ಘಾಟಿ ಡ್ರೈವರ್

ಒಂದು ಮುಖ್ಯ ವಿಷಯ ಮರೆತೆ. ಸಕಲೇಶಪುರದಿಂದ ಚಿಕ್ಕಮಗಳೂರಿಗೆ ಬೇಲೂರು ಮೇಲೆ ಬಸ್ಸಲ್ಲಿ ಬಂದು ಸೂಜಿ ಹಾಕಿಸಿಕೊಂಡು ಅದೇ ಬಸ್ಸಲ್ಲಿ ವಾಪಸ್ ಹೋದರೆ, ಸೂಜಿ ಕೊಟ್ಟಿದ್ದನ್ನು ರಸ್ತೆ ಕಿತ್ಕೊಳ್ಳುತ್ತೆ. ಹಾಸನ ನಿಮಗೆ ನಲವತ್ತು ಕಿಲೋಮೀಟರ್, ರೈಲೂ ಇದೆ. ಅಲ್ಲೇ ಹುಡುಕಿ. ಷಡ್ಡಕನಿಗೆ ಬೇಜಾರಾದರೆ ಆಗಲಿ.

ಕಣದ ಕಾವಲು · ಜನವರಿ 19

ಎಲ್ಲರಿಗೂ ಮತ್ತೆ ನಮಸ್ಕಾರ. ಹೇಳದೇ ಇದ್ದರೆ ತಪ್ಪಾಗುತ್ತೆ ಅಂತ ಬರೀತಿದ್ದೇನೆ.

ಹಾಸನದಲ್ಲೇ ಮಾಡಿಸಿದೆ. ಆರು ಸಲ. ಸೂಜಿ ಪ್ಯಾಕೆಟ್ ಎದುರಿಗೇ ಒಡೆಯುತ್ತಾರಾ ಅಂತ ನೋಡಿದೆ, ಒಡೆದರು. ಮುಂಗಡ ಕೇಳಲಿಲ್ಲ. ಮೊದಲ ಸಲ ಚುಚ್ಚಿದ ಜಾಗದಲ್ಲಿ ಒಂದು ಕಡೆ ಕಾಸಗಲ ನೀಲಿಗಟ್ಟಿತು, ನಾಲ್ಕು ದಿನಕ್ಕೆ ಹೋಯ್ತು. ಎರಡನೇ ಸಲ ಒಣಗಿದ ಸೊಪ್ಪಿನ ಬತ್ತಿ ಹೊತ್ತಿಸಿ ಸೂಜಿ ಪಕ್ಕ ಶಾಖ ಕೊಟ್ಟರು. ವಾಸನೆ ಎಲ್ಲೋ ಕೇಳಿದ ಹಾಗಿತ್ತು. ಮಾಚಿಪತ್ರೆ ಜಾತಿಯದ್ದಂತೆ. ಕಾಯಿಲೆ ಬಿದ್ದ ನಮ್ಮ ದನಗಳಿಗೆ ಅಜ್ಜ ಹೊಗೆ ಹಾಕುತ್ತಿದ್ದ ನೆನಪು ಬಂತು.

ಮೂರನೇ ಸಲದವರೆಗೂ ಏನೂ ಇಲ್ಲ. ಮೇಷ್ಟ್ರು ಗೆದ್ದರು ಅಂದುಕೊಂಡೆ. ನಾಲ್ಕನೆಯದಾದ ಮಾರನೇ ದಿನ ಬೆಳಗ್ಗೆ ಎದ್ದು ಹಂಡೆ ಒಲೆಗೆ ಬೆಂಕಿ ಹಾಕಿ, ಹಲ್ಲುಜ್ಜಿ, ಕಾಫಿ ಕುಡಿದು ಕೂತ ಮೇಲೆ ನೆನಪಾಯ್ತು, ಇವತ್ತು ಹಾಸಿಗೆಯಿಂದ ಏಳುವಾಗ ನಿಂತು ಗೋಡೆ ಹಿಡಿಯಲೇ ಇಲ್ಲವಲ್ಲ ಅಂತ. ಸೂಜಿಯದೋ, ಮೂರು ತಿಂಗಳಾದ್ದರಿಂದ ತಾನಾಗಿಯೇ ಇಳಿಯಿತೋ ನನಗೆ ಗೊತ್ತಿಲ್ಲ ಮೇಷ್ಟ್ರೇ. ಕೇಳಬೇಡಿ.

ಅವತ್ತಿಂದಲೇ ಫಿಸಿಯೋ ಸಾರ್ ಮಾತಿನಂತೆ ವ್ಯಾಯಾಮ ಶುರು ಮಾಡಿದೆ. ಅಂಗಾತ ಮಲಗಿ ಸೊಂಟ ಎತ್ತೋದು, ಮಂಡಿಯೂರಿ ಎದುರುಬದುರು ಕೈಕಾಲು ಚಾಚೋದು. ಎರಡನೆಯದನ್ನು ಮಾಡುವಾಗ ನಾಯಿ ಹೊಟ್ಟೆ ಕೆಳಗೆ ಬಂದು ಮಲಗುತ್ತೆ. ದಿನಾ ತೋಟದ ಮೇಲಿನ ಗೇಟಿನವರೆಗೆ ನಡಿಗೆ.

ಈಗ ಹತ್ತಕ್ಕೆ ಎರಡು. ತೊಡೆಗೆ ಇಳಿಯೋದು ನಿಂತಿದೆ. ಕುಯ್ಲು ಶುರು ಆಗಿದೆ, ಮೂಟೆ ಎತ್ತಲ್ಲ, ತೂಕದ ಪುಸ್ತಕ ಬರೆಯೋಕೆ ಕೂರ್ತೀನಿ. ಅರ್ಧ ಗಂಟೆಗೊಮ್ಮೆ ಎದ್ದು ಕಣದಲ್ಲಿ ಕಾಫಿ ಎಳೀತೀನಿ. ಮೆಣಸಿನ ಏಣಿ ಈ ವರ್ಷ ಹತ್ತಲ್ಲ ಅಂತ ಮನೆಯವಳಿಗೆ ಮಾತು ಕೊಟ್ಟಿದ್ದೇನೆ. ಗಮ್ ಬೂಟ್‌ಗೆ ಮಗಳು ಒಂದು ಉಪಾಯ ಮಾಡಿದ್ದಾಳೆ. ಹಲಗೆಗೆ ವಿ ಆಕಾರದಲ್ಲಿ ಕಚ್ಚು ಹಾಕಿಸಿ ಮೆಟ್ಟಿಲ ಹತ್ತಿರ ಇಟ್ಟಿದ್ದಾಳೆ. ಹಿಮ್ಮಡಿ ಸಿಕ್ಕಿಸಿ ನಿಂತಲ್ಲೇ ಕಾಲು ಎಳೆದರೆ ಬೂಟ್ ಕಳಚಿಕೊಳ್ಳುತ್ತೆ. ಬಗ್ಗೋದೇ ಬೇಡ.

ಕಡೂರು ಮೇಷ್ಟ್ರು

ಕೇಳಲ್ಲ. ಆ ಹಲಗೆಯ ಫೋಟೋ ಮಾತ್ರ ಹಾಕಿ.

ಬೇಲೂರು ಅಕ್ಕ

ಒಳ್ಳೇದಾಯ್ತು ತಮ್ಮ. ಅಮ್ಮ ಏನಂತಾರೆ?

ಕಣದ ಕಾವಲು

ಆ ಹುಡುಗ ಒದ್ದಿದ್ದು ನಿಧಾನಕ್ಕೆ ಕೆಲಸ ಮಾಡಿತು ಅಂತಾರೆ ಅಕ್ಕ.

ಘಾಟಿ ಡ್ರೈವರ್

ಖುಷಿ ಆಯ್ತು ಅಣ್ಣ. ನಾನೂ ವ್ಯಾಯಾಮ ಮತ್ತೆ ಶುರು ಮಾಡಿದ್ದೇನೆ, ಹನ್ನೊಂದು ದಿನ ಆಯ್ತು. ಆ ವೀಡ್ ಕಟರ್ ಮಾರೋದಾದರೆ ಹೇಳಿ, ಕೊಟ್ಟಿಗೆಹಾರದಲ್ಲಿ ನಮ್ಮ ಭಾವನಿಗೆ ಬೇಕಿತ್ತು.

ಕಣದ ಕಾವಲು

ಕೊಡ್ತೀನಿ. ಮೊದಲು ಭಾವನ ಸೊಂಟ ಹೇಗಿದೆ ಕೇಳಿ.